ಸಂಕ್ರಮಣಕ್ಕೆ ಮೊದಲೇ ಮುಗಿಯುವ ಕಾರ್ಡು

ರಿಗ್ಗೈ, ಕುವೈತ್
೨೦ ಸೆಪ್ಟೆಂಬರ್ ೨೦೨೪, ಶುಕ್ರವಾರ

ಮಗಳೇ ಮಂಗಳಾ,

ಕಾಕಾನ ಆಶೀರ್ವಾದ ಮೊದಲು, ಸುದ್ದಿ ಆಮೇಲೆ.

ಕೈಯಲ್ಲಿ ಫೋನ್ ಇಟ್ಟುಕೊಂಡು ಈ ಮನುಷ್ಯ ಹಾಳೆಯ ಮೇಲೆ ಬರೆದು ಅದರ ಫೋಟೋ ಕಳಿಸುವುದೇಕೆ ಎಂದು ನೀನು ನಗಬಹುದು. ನಮ್ಮದು ಒಂದೇ ಕೋಣೆ. ಎಷ್ಟು ಮೆಲ್ಲಗೆ ಮಾತಾಡಿದರೂ ಒಲೆಯ ಹತ್ತಿರ ನಿಂತ ನಿನ್ನ ಚಿಗವ್ವನಿಗೆ ಕೇಳುತ್ತದೆ. ನಾನು ದುಡಿಯುವ ಸಬ್ಹಾನಿನ ಕಾರ್ಖಾನೆಯಿಂದ ಫೋನ್ ಮಾಡೋಣವೆಂದರೆ ತಗಡು ಒತ್ತುವ ಯಂತ್ರಗಳ ಸದ್ದಿನ ಮೇಲೆ ಕೂಗಬೇಕು. ಇದು ಕೂಗಿ ಹೇಳುವ ಮಾತಲ್ಲ. ಬರೆಯುತ್ತ ಕೂತರೆ ಅವಳು, ಕಾರ್ಖಾನೆಯ ಪಾಳಿ ಬರೆಯುತ್ತಿದ್ದಾನೆ ಎಂದುಕೊಂಡು ಸುಮ್ಮನಿರುತ್ತಾಳೆ.

ನಿನ್ನ ಚಿಗವ್ವ ನೀಲವ್ವನ ಎದೆಯೊಳಗೆ ಒಂದು ಕವಾಟ ಕೆಟ್ಟಿದೆ. ಮೆಟ್ಟಿಲು ಹತ್ತಿದರೆ ಉಸಿರು ಸಾಲದು. ಅದನ್ನು ತೆಗೆದು ಬೇರೆ ಕೂರಿಸಬೇಕೆಂದು ಡಾಕ್ಟರ್ ಹೇಳಿದ್ದಾರೆ. ಇದು ಅವಳಿಗೆ ಗೊತ್ತು, ನನಗೆ ಗೊತ್ತು, ಈಗ ನಿನಗೆ ಗೊತ್ತು. ಮತ್ತೆ ಯಾರಿಗೂ ಹೇಳಕೂಡದೆಂದು ಅವಳ ಅಪ್ಪಣೆ. “ಎಲ್ಲಾರೂ ಫೋನ್ ಮಾಡಿ ಅಳ್ತಾರ. ಆಮ್ಯಾಲೆ ನಾನ ಅವರ್ನ ಸಮಾಧಾನ ಮಾಡಬೇಕಾಗತೈತಿ. ಅಷ್ಟು ದಮ್ಮು ನನ್ನ ಹಂತ್ಯಾಕ ಇಲ್ಲ” ಅಂದಳು.

ಅವಳಿಗೂ ಗೊತ್ತಿಲ್ಲದ ಸಂಗತಿ ಇನ್ನು ಬರೆಯುತ್ತೇನೆ. ಕಂಪನಿ ನಮ್ಮೆಲ್ಲರನ್ನೂ ಸೇರಿಸಿ ಮಾಡಿಸಿದ ಗುಂಪು ವಿಮೆಯ ಕಾರ್ಡು ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ಕಂತು ಬಹಳ ಏರಿದೆಯಂತೆ. ಅದಕ್ಕೆ ಎರಡು ದಾರಿ ಮುಂದಿಟ್ಟಿದ್ದಾರೆ. ನಮ್ಮ ಸಂಬಳದಿಂದಲೂ ಪಾಲು ಕಡಿದುಕೊಂಡು ಕಾರ್ಡು ಮುಂದುವರಿಸುವುದು ಒಂದು. ಇಲ್ಲವೇ ಕಾರ್ಡನ್ನೇ ತೆಗೆದು, ಒಬ್ಬೊಬ್ಬರ ಹೆಸರಿಗೆ ವರ್ಷಕ್ಕೆ ಇಷ್ಟು ಎಂದು ಕಂಪನಿ ಒಂದು ನಿಧಿ ಇಡುವುದು. ನಾವು ಮೊದಲು ಕೈಯಿಂದ ಕೊಟ್ಟು, ಬಿಲ್ ತಂದು, ಆಮೇಲೆ ವಾಪಸ್ ಪಡೆಯುವುದು. ಕಚೇರಿಯ ಸುಹೈಬ್ ಇದನ್ನೆಲ್ಲ ಹೇಳಿ, “ಫಕೀರಪ್ಪ ಭಾಯಿ, ನೀವು ಹಿರಿಯರು. ನಿಮ್ಮ ಜನಕ್ಕೆ ತಿಳಿಸಿ ಹೇಳಿ, ಡಿಸೆಂಬರಿನಲ್ಲಿ ಕೈ ಎತ್ತಿಸಿಬಿಡಿ” ಎಂದ. ಜನಕ್ಕೆ ತಿಳಿಸುವ ಮೊದಲು ನನಗೆ ತಿಳಿಯಬೇಕಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ವಿಮೆಯ ಕೌಂಟರಿನಲ್ಲಿ ಕೂರುವವಳು ನೀನು. ಬಿಡಿಸಿ ಬರೆ. ನಿನ್ನ ತಮ್ಮ ಶ್ರೀಕಾಂತನಿಗೆ ಚಿಗವ್ವನ ವಿಷಯ ಹೇಳಬೇಡ. ಅವನು ಕಂಪನಿಯ ಕಾರ್ಮಿಕರ ಕ್ಯಾಂಪಿನಲ್ಲಿ ಆರಾಮಾಗಿದ್ದಾನೆ, ಶುಕ್ರವಾರ ಬಂದು ರೊಟ್ಟಿ ಉಂಡು ಹೋಗುತ್ತಾನೆ. ಅವನ ಮಗಳು ಯಾಮಿನಿಯ ಕಿವಿಯ ಚಿಂತೆ ಅವನಿಗೆ ಸಾಕಷ್ಟಿದೆ.

ನಿನ್ನ ಉತ್ತರದ ದಾರಿ ನೋಡುತ್ತಿರುವ,
ಕಾಕಾ


ಹುಬ್ಬಳ್ಳಿ
೬ ಅಕ್ಟೋಬರ್ ೨೦೨೪

ಕಾಕಾ, ನಮಸ್ಕಾರ.

ಹಾಳೆಗೆ ಹಾಳೆಯಲ್ಲೇ ಉತ್ತರ. ಚಿಗವ್ವನ ಸುದ್ದಿ ಓದಿ ಎರಡು ವಾರ ಪೆನ್ನು ಹಿಡಿಯಲು ಆಗಲಿಲ್ಲ. ಅದಕ್ಕೇ ತಡ.

ನಮ್ಮ ಕೌಂಟರಿಗೆ ಎರಡೂ ಬಗೆಯವರು ಬರುತ್ತಾರೆ. ಕಾರ್ಡಿನವರು ಕಾರ್ಡು ಕೊಟ್ಟು ಬೆಂಚಿನ ಮೇಲೆ ಕೂತು, ವಿಮೆಯವರು ಹೂಂ ಅನ್ನುವವರೆಗೆ ಉಗುರು ಕಚ್ಚುತ್ತಾರೆ. ಬಿಲ್ ತಂದು ವಾಪಸ್ ಪಡೆಯುವವರು ಯಾರ ಹೂಂಗೂ ಕಾಯಬೇಕಿಲ್ಲ. ಆದರೆ ಅಡ್ಮಿಟ್ ಆಗುವ ಮುಂಚೆ ಅವರು ಮೂಲೆಯಲ್ಲಿ ನಿಂತು ಯಾರಿಗೋ ಫೋನ್ ಮಾಡುತ್ತಿರುತ್ತಾರೆ. ಬಂಗಾರ ಯಾರ ಹತ್ತಿರ ಇದೆ, ಯಾರನ್ನು ಕೇಳಲಿ ಅಂತ.

ಗುಂಪು ವಿಮೆಯಲ್ಲಿ ಇಡೀ ಕಾರ್ಖಾನೆಯ ಗಟ್ಟಿ ಎದೆಯವರೆಲ್ಲ ಸೇರಿ ಒಬ್ಬರ ಕೆಟ್ಟ ಎದೆಯನ್ನು ಹೊರುತ್ತಾರೆ. ದೊಡ್ಡ ಖರ್ಚು ವಿಮೆಯವರ ತಲೆಯ ಮೇಲೆ. ಆದರೆ ಕನ್ನಡಕ, ಹಲ್ಲು, ಕಿವಿಯ ಯಂತ್ರ, ಮಾತಿನ ತರಬೇತಿ ಇವನ್ನು ಅದು ಮುಟ್ಟುವುದಿಲ್ಲ. ಊರಿನಲ್ಲಿರುವ ಸಂಸಾರವೂ ಅದರೊಳಗೆ ಬರುವುದಿಲ್ಲ. ನಿಧಿಯಲ್ಲಾದರೆ ಏನು ಬೇಕೋ ಅದಕ್ಕೆ ಖರ್ಚು ಮಾಡಬಹುದು, ಆದರೆ ಅದಕ್ಕೊಂದು ತಳ ಇದೆ. ತಳ ಮುಟ್ಟಿದ ಮೇಲೆ ಕಂಪನಿ ನಿಮ್ಮ ಮುಖ ನೋಡುತ್ತದೆ, ನೀವು ಕಂಪನಿಯ ಮುಖ ನೋಡುತ್ತೀರಿ.

ಸುಹೈಬ್ ಅವರನ್ನು ಕೇಳಿ: ಊರಿನ ಬಿಲ್ ನಡೆಯುತ್ತದೆಯೇ, ಈ ವರ್ಷ ಉಳಿದದ್ದು ಮುಂದಿನ ವರ್ಷಕ್ಕೆ ಹೋಗುತ್ತದೆಯೇ, ಹೆಂಡತಿ ಮಕ್ಕಳ ಖರ್ಚೂ ಅದೇ ನಿಧಿಯೊಳಗೇ ಬರಬೇಕೇ. ಚಿಗವ್ವನ ಆಪರೇಶನ್ನಿಗೆ ನಿಧಿ ಎಲ್ಲಿಗೂ ಸಾಲದು ಎಂದು ಕೇಳದೆಯೇ ಹೇಳಬಲ್ಲೆ.

ಇನ್ನೊಂದು ಮಾತು. ನಿಮ್ಮ ಹಾಳೆ ಬಂದ ಮಾರನೆಯ ದಿನವೇ ಶ್ರೀಕಾಂತ ಫೋನ್ ಮಾಡಿ ಇದನ್ನೇ ಕೇಳಿದ. ಅವನಿಗೆ ನಿಧಿಯೇ ಬೇಕು. ಯಾಮಿನಿಗೆ ಮೂರು ತುಂಬಿತು. ಕಿವಿಗೆ ಯಂತ್ರ ಹಾಕಿ ಈಗಲೇ ಮಾತು ಕಲಿಸದಿದ್ದರೆ ಆಮೇಲೆ ಕಷ್ಟ ಎಂದು ಇಲ್ಲಿಯ ಡಾಕ್ಟರ್ ಹೇಳಿದ್ದಾರೆ. ಒಂದೇ ಕಾರ್ಖಾನೆಯಲ್ಲಿ ಕೂತು ನೀವಿಬ್ಬರೂ ನನ್ನನ್ನು ಹುಬ್ಬಳ್ಳಿಯಿಂದ ಕೇಳುತ್ತೀರಿ. ಚಿಗವ್ವನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೇಳೆಗೆ ಒಗ್ಗರಣೆ ಹಾಕಬೇಕು ಎಂದು ಫೋನ್ ಇಟ್ಟೆ.

ನಿಮ್ಮಿಬ್ಬರ ನಡುವೆ ಕೂತ,
ಮಂಗಳಾ


ರಿಗ್ಗೈ
೮ ನವೆಂಬರ್ ೨೦೨೪, ಶುಕ್ರವಾರ

ಮಗಳೇ,

ಇವತ್ತು ಶುಕ್ರವಾರ. ಶ್ರೀಕಾಂತ ಬಂದಿಲ್ಲ. ಹೋದ ವಾರವೂ ಬರಲಿಲ್ಲ. ನಿನ್ನ ಚಿಗವ್ವ ತಟ್ಟಿದ ರೊಟ್ಟಿ ಬುಟ್ಟಿಯಲ್ಲೇ ಇದೆ.

ಕ್ಯಾಂಪಿನ ಮೆಸ್ಸಿನಲ್ಲಿ ಸಭೆ ಮಾಡಿದೆವು. ನೀನು ಬರೆದಂತೆಯೇ ಎರಡೂ ಕಡೆ ಸಮ ಮಾಡಿ ಹೇಳಿದೆ. ಸುಹೈಬ್ ಬಂದಿದ್ದ. ಊರಿನ ಬಿಲ್ ನಡೆಯುತ್ತದೆ, ಉಳಿದದ್ದು ಮುಂದಿನ ವರ್ಷಕ್ಕೆ ಹೋಗುತ್ತದೆ, ಹೆಂಡತಿ ಮಕ್ಕಳು ಅದರೊಳಗೇ, ಎಂದ. ಊರಿನ ಬಿಲ್ ನಡೆಯುತ್ತದೆ ಎಂದದ್ದೇ ತಡ, ಜನ ಬೆಂಚು ಕುಟ್ಟಿದರು. ಒಬ್ಬ ಅವ್ವನ ಕಣ್ಣಿನ ಪೊರೆ ಎಂದ, ಇನ್ನೊಬ್ಬ ಹೆಂಡತಿಯ ಹೆರಿಗೆ ಎಂದ. ಹಿಂದಿನಿಂದ ಯಾರೋ, “ನನಗ ಎರಡು ಬಂಗಾರದ ಹಲ್ಲು” ಅಂದ.

ಅಡುಗೆಯ ಮೊಯ್ದೀನ್ ಕುಂಞಿ ಸೌಟು ಹಿಡಿದೇ ಬಂದ. ಮಂಜೇಶ್ವರದವನು, ನಿನಗೆ ಹಿಂದೆ ಹೇಳಿದ್ದೇನೆ. “ನಾಳೆ ಮೆಸ್ ಬಂದ್ ಮಾಡಿ ಊಟದ ದುಡ್ಡು ನಿಮ್ಮ ಕೈಗೇ ಕೊಡ್ತಾರೆ ಅಂತ ಇಟ್ಟುಕೊಳ್ಳಿ ಮಾರಾಯ್ರೆ. ಮೊದಲ ವಾರ ಎಲ್ಲರಿಗೂ ಕೋಳಿ. ಆಮೇಲೆ ಜ್ವರ ಬಂದು ಮಲಗಿದವನಿಗೆ ಗಂಜಿ ಬೇಯಿಸುವುದು ಯಾರು?”

“ನೀನ ಬೇಯಿಸ್ತಿ, ಇನ್ಯಾರು. ಈಗ್ಲೂ ನೀ ಮಾಡೂದೆಲ್ಲಾ ಗಂಜೀನ ಐತಲ್ಲೋ” ಎಂದ ಒಬ್ಬ. ಎಲ್ಲರೂ ನಕ್ಕರು. ಮಾತು ಅಲ್ಲಿಗೇ ಹೋಯಿತು.

ಆಗ ಶ್ರೀಕಾಂತ ಎದ್ದು ನಿಂತ. “ಕಾಕಾ, ನೀವು ಎರಡೂ ಕಡೆ ತಕ್ಕಡಿ ಹಿಡದ್ರಿ. ನಿಮ್ಮದು ಯಾವ ಕಡೆ, ಅದನ್ನ ಹೇಳ್ರಿ.”

ನಾನು, ಮುಂದಿನ ಪ್ರಶ್ನೆ ಯಾರದು ಎಂದೆ.

“ಹೇಳಂಗಿಲ್ಲ ಬಿಡ್ರಿ. ಕಾಕಾನ ಸಂಸಾರ ರಿಗ್ಗೈದಾಗ ಐತಿ, ಕಾರ್ಡು ಅವ್ರಿಗೆ ಸಾಕು. ನಮ್ಮದು ಊರಾಗ ಐತಿ.”

ಆರು ವರ್ಷದ ಹಿಂದೆ ವಿಮಾನದಿಂದ ಇಳಿದಾಗ ನನ್ನ ಅಂಗಿಯ ತುದಿ ಹಿಡಿದು ನಡೆದವನು ಅವನು. ಅವನ ಮಾತಿನಲ್ಲಿ ತಪ್ಪೂ ಇಲ್ಲ. ಅವತ್ತು ನಾನು ಬಾಯಿ ಬಿಟ್ಟು ನೀಲವ್ವನ ಎದೆಯ ವಿಷಯ ಹೇಳಿದ್ದರೆ ಅಷ್ಟೂ ಜನ ತಲೆ ತಗ್ಗಿಸಿ ಕಾರ್ಡಿಗೆ ಕೈ ಎತ್ತುತ್ತಿದ್ದರು. ಶ್ರೀಕಾಂತನೇ ಮೊದಲು ಎತ್ತುತ್ತಿದ್ದ. ಆಮೇಲೆ ಆ ಕೂಸಿನ ಕಿವಿ ಏನಾಗಬೇಕು? ಹೆಂಡತಿಯ ರೋಗವನ್ನು ಮೆಸ್ಸಿನ ಮೇಜಿನ ಮೇಲಿಟ್ಟು ಮತ ಕೇಳಲು ನನಗೆ ಬರಲಿಲ್ಲ.

ಶನಿವಾರ ನಿನ್ನ ಚಿಗವ್ವ ಅವನಿಗೆಂದು ಬುತ್ತಿ ಕಟ್ಟಿ ಕೊಟ್ಟಳು. ಸಂಜೆ ಡಬ್ಬಿ ನನ್ನ ಯಂತ್ರದ ಹತ್ತಿರ ಇತ್ತು. ತೊಳೆದು ಒರೆಸಿ, ಒಳಗೆ ನಾಲ್ಕು ಖರ್ಜೂರ ಇಟ್ಟಿದ್ದ. ಬರಿ ಡಬ್ಬಿ ಮರಳಿಸಬಾರದೆಂದು ನಿಮ್ಮವ್ವ ಕಲಿಸಿದ್ದನ್ನು ಸಿಟ್ಟಿನಲ್ಲೂ ಮರೆತಿಲ್ಲ. ಮಾತು ಮಾತ್ರ ಇಲ್ಲ.

ದೊಡ್ಡ ಸುದ್ದಿ ಕೊನೆಗೆ ಉಳಿಯಿತು. ಆಸ್ಪತ್ರೆಯವರು ಡಿಸೆಂಬರ್ ಇಪ್ಪತ್ತೆರಡಕ್ಕೆ ಅಡ್ಮಿಟ್ ಆಗಲು ಹೇಳಿದ್ದಾರೆ. ಕಾರ್ಡು ಇನ್ನೂ ಬದುಕಿರುತ್ತದೆ. ಓಡಿ ಬಂದು ಹೇಳಿದೆ. ನಿನ್ನ ಚಿಗವ್ವ ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದಳು. “ಅದು ಧನುರ್ಮಾಸ. ಆ ತಿಂಗಳದಾಗ ಹೊಸ ಅರಿವೀನೂ ತರೂದಿಲ್ಲ, ಎದಿ ಕೊಯ್ಸಿಕೋತಾರೇನು? ಸಂಕ್ರಮಣ ಆಗ್ಲಿ, ಜನವರಿ ಹದಿನೈದಕ್ಕ ಕೊಡಾಕ ಹೇಳ್ರಿ” ಅಂದಳು. ಡಾಕ್ಟರನ್ನು ಕೇಳಿದ್ದಕ್ಕೆ, ಮೂರು ವಾರ ತಡವಾದರೆ ಅಡ್ಡಿಯಿಲ್ಲ ಎಂದರು. ಅವಳಿಗೆ ಅದೇ ಬಲವಾಯಿತು.

ಕಾರ್ಡು ಮುಗಿಯುತ್ತದೆ ಎಂದು ಹೇಳಿದರೆ ಒಪ್ಪಿಯಾಳು. ಹಾಗೆ ಹೇಳಿದರೆ ಸಭೆಯ ಮಾತು ಬರುತ್ತದೆ, ಶ್ರೀಕಾಂತ ಯಾಕೆ ಬರುತ್ತಿಲ್ಲ ಎಂಬುದು ಬರುತ್ತದೆ. ತನ್ನಿಂದ ಕೂಸಿಗೆ ಅಡ್ಡಿಯಾಯಿತೆಂದು ಆಪರೇಶನ್ನೇ ಬೇಡ ಅಂದುಬಿಟ್ಟಾಳು. ಅವಳು ಅಂಥವಳು. ನಾನು ಹೂಂ ಅಂದು ಸುಮ್ಮನಾದೆ. ಇಷ್ಟು ವರ್ಷ ಯಂತ್ರದ ಜೊತೆ ಬದುಕಿದವನಿಗೆ ಸುಮ್ಮನಿರುವುದು ಇಷ್ಟು ಆಯಾಸ ಎಂದು ಗೊತ್ತಿರಲಿಲ್ಲ.

ಇಷ್ಟೇ,
ಕಾಕಾ


ಹುಬ್ಬಳ್ಳಿ
೧೯ ನವೆಂಬರ್ ೨೦೨೪

ಕಾಕಾ,

ಬೈಯಬೇಕೆಂದರೆ ಬೈಯಿರಿ. ಶ್ರೀಕಾಂತನಿಗೆ ಎಲ್ಲ ಹೇಳಿದ್ದೇನೆ. ಕೇಳಿ ಅವನು ಫೋನ್ ಇಟ್ಟುಬಿಟ್ಟ.

ಜನವರಿ ಬೇಡ. ಆಸ್ಪತ್ರೆಯವರು ಕೊಟ್ಟ ದಿನ ಬಿಡಬೇಡಿ. ಕಾರ್ಡು ಇರುವಾಗ ಅಡ್ಮಿಟ್ ಆದರೆ, ಮನೆಗೆ ಹೋಗುವುದು ಹೊಸ ವರ್ಷದಲ್ಲಾದರೂ ಖರ್ಚು ಹಳೆಯ ಕಾರ್ಡಿಗೇ ಬರುತ್ತದೆಯೇ ಎಂದು ವಿಮೆಯವರಿಂದ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ. ಬಾಯಿಮಾತು ನಂಬಿ ನಮ್ಮ ಕೌಂಟರಿನ ಮುಂದೆ ಅತ್ತವರನ್ನು ನೋಡಿದ್ದೇನೆ.

ಮೂರನೆಯ ದಾರಿಯೂ ಒಂದಿದೆ, ಕೆಲವು ಕಂಪನಿಗಳು ಮಾಡುತ್ತವೆ. ಅಡ್ಮಿಟ್ ಆಗುವಂಥ ದೊಡ್ಡ ಕಾಯಿಲೆಗೆ ಮಾತ್ರ ಕಡಿಮೆ ಕಂತಿನ ಗುಂಪು ಕಾರ್ಡು, ಉಳಿದದ್ದಕ್ಕೆ ಸಣ್ಣ ನಿಧಿ. ಕೇಳಿ ನೋಡಿ. ನನಗೆ ಮೊದಲೇ ಹೊಳೆಯಬೇಕಿತ್ತು. ನೀವಿಬ್ಬರೂ ಇದೋ ಅದೋ ಎಂದು ಕೇಳಿದಿರಿ, ನಾನೂ ಇದೋ ಅದೋ ಎಂದೇ ನೋಡಿದೆ.

ಮಾತು ಮುರಿದ,
ಮಂಗಳಾ


ರಿಗ್ಗೈ
೬ ಡಿಸೆಂಬರ್ ೨೦೨೪, ಶುಕ್ರವಾರ

ಮಂಗಳಾ,

ಬೈಯಲು ಕೂತೆ, ಬೈಗುಳ ಬರಲಿಲ್ಲ.

ಮೂರನೆಯ ದಾರಿಯನ್ನು ಸುಹೈಬನಿಗೆ ಹೇಳಿದೆ. ತಲೆ ಕೆರೆದುಕೊಂಡ. “ಒಳ್ಳೆಯದೇ ಇತ್ತು ಭಾಯಿ. ಈ ವರ್ಷ ಎರಡಕ್ಕೇ ದರ ತರಿಸಿದ್ದು, ಈಗ ಖಲಾಸ್. ಸೆಪ್ಟೆಂಬರಿನಲ್ಲಿ ಯಾರಾದರೂ ಬಾಯಿ ಬಿಟ್ಟಿದ್ದರೆ ನೋಡಬಹುದಿತ್ತು” ಎಂದ. ಅವನಿಗೆ ಗೊತ್ತಿಲ್ಲದೆ ಆಡಿದ ಮಾತು. ನನಗೆ ತಾಗಿತು.

ಶ್ರೀಕಾಂತ ಎರಡು ವಾರ ನನ್ನ ಎದುರಿಗೇ ಬರಲಿಲ್ಲ. ಕಾರ್ಖಾನೆಯಲ್ಲಿ ನನ್ನನ್ನು ಕಂಡರೆ ಪಕ್ಕದ ಸಾಲಿಗೆ ಸರಿಯುತ್ತಿದ್ದ. ಇವತ್ತು ಮಧ್ಯಾಹ್ನ ಬಾಗಿಲು ಬಡಿದ. ನೀಲವ್ವ ತೆಗೆದಳು.

“ಏನಪಾ, ದಾರಿ ನೆನಪೈತೇನು?”

ಅವನು ಬಗ್ಗಿ ಅವಳ ಕಾಲು ಮುಟ್ಟಿದ. ಹಬ್ಬವಲ್ಲ, ಹುಣ್ಣಿಮೆಯಲ್ಲ. ಅವಳು ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಮೊದ್ಲ ಕೈ ತೊಳ್ಕೋ. ಅಳೂದಿದ್ರ ಉಂಡು ಅಳು” ಅಂದಳು.

ಎರಡು ರೊಟ್ಟಿ ಉಂಡ. ಮೂರನೆಯದು ಹಾಕಲು ಬಂದಾಗ ಗಂಗಾಳದ ಮೇಲೆ ಕೈ ಅಡ್ಡ ಇಟ್ಟ. “ಚಿಗವ್ವಾ, ನಾಡಿದ್ದು ನಾ ಕಾರ್ಡಿಗೆ ಕೈ ಎತ್ತತೀನಿ. ಉಳದವ್ರಿಗೂ ಹೇಳ್ತೀನಿ.”

“ಯಾವ ಕಾರ್ಡು?”

ಅಲ್ಲಿಗೆ ಎಲ್ಲ ಹೊರಗೆ ಬಂತು. ಅವನು ಒಂದು ತುದಿಯಿಂದ ಹೇಳಿದ, ನಾನು ಇನ್ನೊಂದು ತುದಿಯಿಂದ. ಅವಳು ಒಲೆ ಆರಿಸಿ ಕೇಳಿದಳು. ಕೇಳಿ ಮುಗಿದ ಮೇಲೆ ನನಗೆ ಅಂದಳು, “ಮೂರು ತಿಂಗಳು ಈ ಕ್ವಾಣ್ಯಾಗ ಕುಂತು ಬರದ್ರಿ. ಪಾಳಿ ಬರೀತಾರಂತ ನಾ ಚಾ ಮಾಡಿ ಕೊಟ್ಟೆ.”

ಶ್ರೀಕಾಂತನಿಗೆ ಅಂದಳು, “ನೀ ಕೈ ಎತ್ತೂದು ನಿನ್ನ ಮಗಳ ಸಲುವಾಗಿ. ನನ್ನ ಸಲುವಾಗಿ ಎತ್ತಿದ್ರ ಈ ಮನಿ ರೊಟ್ಟಿ ನಿನಗಿಲ್ಲ. ಆ ಕೂಸು ಇಷ್ಟು ದಿನ ಯಾರ ಮಾತೂ ಕೇಳಿಲ್ಲ. ನನ್ನ ಎದಿ ಯಾವ ತಿಂಗಳದಾಗ ಕೊಯ್ದ್ರೂ ನೋವು ಅಷ್ಟ.”

“ಧನುರ್ಮಾಸ ಅಂದಿದ್ದಿ ಅಲ್ಲಾ?” ಎಂದೆ ನಾನು.

“ಅಂದಿದ್ದೆ. ಈಗ ಬ್ಯಾರೆ ಅಂತೀನಿ. ಫೋನ್ ಮಾಡ್ರಿ ಆಸ್ಪತ್ರಿಗೆ, ನಾ ಮತ್ತ ಕ್ಯಾಲೆಂಡರ್ ನೋಡೂದ್ರೊಳಗ.”

ಮೂರನೆಯ ರೊಟ್ಟಿ ಅವನ ಗಂಗಾಳಕ್ಕೆ ಬಿತ್ತು. ಅವನು ಉಂಡ. ಅವಳು ಆಮೇಲೆ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಪಾತ್ರೆ ತಿಕ್ಕಿದಳು. ಇದ್ದದ್ದು ಮೂರೇ ಗಂಗಾಳ. ಅವಳಿಗೆ ಹೆದರಿಕೆಯಾಗಿದೆ, ಮಂಗಳಾ. ನಾನು ಹತ್ತಿರ ಹೋದರೆ ಇಲ್ಲ ಅಂದಾಳೆಂದು ಹೋಗಲಿಲ್ಲ.

ಆಸ್ಪತ್ರೆಯವರು ಹಳೆಯ ದಿನವನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ವಿಮೆಯವರ ಬರಹ ಬರಬೇಕು. ನಿಮ್ಮ ಓಣಿಯ ದುರ್ಗವ್ವನಿಗೆ ಒಂದು ದೀಪ ಹಚ್ಚು.

ಕಾಕಾ


ರಿಗ್ಗೈ
೧೭ ಜನವರಿ ೨೦೨೫, ಶುಕ್ರವಾರ

ಮಗಳೇ ಮಂಗಳಾ,

ಫೋನಿನಲ್ಲಿ ನಿನಗೆ ಎಲ್ಲ ಗೊತ್ತಾಗಿದೆ. ಆಪರೇಶನ್ ಮುಗಿಸಿ ನಿನ್ನ ಚಿಗವ್ವ ಮನೆಗೆ ಬಂದು ಹದಿನೈದು ದಿನವಾಯಿತು, ಖರ್ಚೂ ಹಳೆಯ ಕಾರ್ಡಿಗೇ ಬಂತು. ಸಂಕ್ರಮಣಕ್ಕೆ ಎಳ್ಳು ಹುರಿಯುತ್ತೇನೆಂದು ಎದ್ದಳು, ಒಲೆಯ ಮುಂದೆ ಸುಸ್ತಾಗಿ ಕೂತಳು. ನಾನು ಹುರಿದೆ. ಸೀದು ಹೋಯಿತು. ಅದನ್ನೇ ಶ್ರೀಕಾಂತ ಕ್ಯಾಂಪಿಗೆ ಒಯ್ದು ಹಂಚಿ ಬಂದ. ಫೋನಿನಲ್ಲಿ ಹೇಳಲಾಗದ್ದು ಒಂದೆರಡಿವೆ, ಅದಕ್ಕೆ ಈ ಹಾಳೆ. ಈ ಸಲ ಅವಳಿಗೆ ಹೇಳಿಯೇ ಬರೆಯುತ್ತಿದ್ದೇನೆ.

ಕೈ ಎತ್ತಿದ ದಿನದ ಮಾತು. ನಿಧಿಗೆ ಯಾರು ಎಂದು ಕೇಳಿ ನಾನೇ ಮೊದಲು ಕೈ ಎತ್ತಿದೆ. ನೀಲವ್ವನ ದಿನ ಗಟ್ಟಿಯಾಗಿತ್ತು, ಯಾಮಿನಿಯ ಮುಖ ಕಣ್ಣ ಮುಂದಿತ್ತು. ನನ್ನ ಕೈ ನೋಡಿ ಉಳಿದ ಕೈಗಳು ಎದ್ದವು. ಶ್ರೀಕಾಂತ ಎಲ್ಲರಿಗಿಂತ ಕೊನೆಗೆ, ಭುಜದವರೆಗೆ ಮಾತ್ರ ಎತ್ತಿದ. ಮೊಯ್ದೀನ್ ಕುಂಞಿ ಎತ್ತಲೇ ಇಲ್ಲ. “ನನ್ನ ಕೈಯಲ್ಲಿ ಹಿಟ್ಟು” ಎಂದ.

ಹೊಸ ವರ್ಷದ ಎರಡನೆಯ ವಾರ ಬಾಸಿತ್ ನನ್ನ ಹತ್ತಿರ ಬಂದ. ಬಣ್ಣ ಹೊಡೆಯುವ ವಿಭಾಗದವನು, ಗದಗಿನವನು. ಇಷ್ಟು ವರ್ಷದಲ್ಲಿ ಅವನು ದನಿ ಎತ್ತಿ ಮಾತಾಡಿದ್ದು ನಾನು ಕೇಳಿಲ್ಲ. “ಕಾಕಾ, ಹಳೇ ಕಾರ್ಡು ಇನ್ನ ಒಂದೆರಡು ತಿಂಗಳು ನಡೀಬಹುದೇನ್ರಿ?” ಎಂದ. ಯಾಕೆ ಎಂದು ಕೇಳಿದರೆ ಮೂತ್ರಪಿಂಡದ ಮಾತು ಹೇಳಿದ. ಮಾರ್ಚಿನಲ್ಲಿ ಆಪರೇಶನ್ ಮಾಡಬೇಕೆಂದು ಬರೆದುಕೊಟ್ಟಿದ್ದರಂತೆ.

“ಯಾಕೋ ಮಾರಾಯಾ, ಅವತ್ತ ಸಭಾದಾಗ ಹೇಳಬಾರದಾಗಿತ್ತಾ?”

“ನೀವೂ ಹೇಳಲಿಲ್ಲಲ್ರೀ ಕಾಕಾ” ಎಂದ.

ನನ್ನ ಮನೆಯ ವಿಷಯ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅವನು ಚುಚ್ಚಲು ಹೇಳಿದ್ದಲ್ಲ. ನನ್ನನ್ನು ನೋಡಿ, ಹೇಳಬಾರದ ಮಾತು ಇದು ಎಂದುಕೊಂಡಿದ್ದನಂತೆ. ಆ ಮೆಸ್ಸಿನಲ್ಲಿ ಇನ್ನೆಷ್ಟು ಜನ ಹಾಗೆ ಕೂತಿದ್ದರೋ. ಹಿರಿಯನೆಂದು ನನ್ನನ್ನು ಮುಂದೆ ಕೂರಿಸಿದ್ದರು, ಮುಂದೆ ಕೂತು ನಾನು ಅವರಿಗೆಲ್ಲ ಸುಮ್ಮನಿರುವುದನ್ನು ತೋರಿಸಿಕೊಟ್ಟೆ.

ಅದಕ್ಕೆ ಒಂದು ಕೆಲಸ ಮಾಡು. ನಿನ್ನ ಮೂರನೆಯ ದಾರಿಯನ್ನು ಇನ್ನೊಮ್ಮೆ, ಸಣ್ಣ ಮಾತಿನಲ್ಲಿ, ನಾನು ಓದಿ ಹೇಳುವಂತೆ ಬರೆದು ಕಳಿಸು. ಸುಹೈಬನನ್ನು ನಿನ್ನೆಯೇ ಹಿಡಿದೆ. “ಭಾಯಿ, ಈಗಷ್ಟೇ ಮುಗಿಯಿತಲ್ಲ” ಎಂದು ನರಳಿದ. ವರ್ಷದ ನಡುವೆ ಆಗದಿದ್ದರೆ ಮುಂದಿನ ವರ್ಷಕ್ಕಾದರೂ ದರ ತರಿಸುತ್ತೇನೆ ಎಂದಿದ್ದಾನೆ. ಬಾಸಿತನ ಮಾರ್ಚಿಗೆ ಅದು ಸಿಗುವುದಿಲ್ಲ. ಅವನನ್ನು ಸರ್ಕಾರಿ ಆಸ್ಪತ್ರೆಯ ಸರದಿಗೆ ಹಚ್ಚಿ ಬಂದೆವು, ನಾನೂ ಶ್ರೀಕಾಂತನೂ. ಉದ್ದ ಸರದಿ. ಬರುವ ಸಭೆಯಲ್ಲಿ ನಾನು ಮೊದಲು ನೀಲವ್ವನ ಹೆಸರು ಹೇಳಿ ಶುರು ಮಾಡುತ್ತೇನೆ. ಅವಳ ಒಪ್ಪಿಗೆ ಕೇಳಿದೆ. “ಹೇಳ್ರಿ. ಊರಿಗೆಲ್ಲಾ ಕೇಳೂ ಹಂಗ ಆಗೇತಿ, ಇನ್ನೇನು ಮುಚ್ಚೂದು” ಅಂದಳು.

ಹಾಗೆ ಅಂದದ್ದಕ್ಕೆ ಕಾರಣವಿದೆ. ಹೊಸ ಕವಾಟ ಲೋಹದ್ದು. ಕೋಣೆ ಶಾಂತವಾಗಿದ್ದರೆ ಟಿಕ್ ಟಿಕ್ ಎಂದು ಹೊರಗೇ ಕೇಳುತ್ತದೆ, ಸಣ್ಣ ಗಡಿಯಾರದ ಹಾಗೆ. ಮೊದಲ ದಿನ ನಾನು ಗೋಡೆಯ ಗಡಿಯಾರ ಕೆಟ್ಟಿತೆಂದು ಎದ್ದು ನೋಡಿದೆ. ರಕ್ತ ತೆಳುವಾಗಿಸುವ ಗುಳಿಗೆ ಬದುಕಿರುವವರೆಗೆ ನುಂಗಬೇಕು, ಆಗಾಗ ರಕ್ತ ತೋರಿಸಬೇಕು. ಆ ಬಿಲ್‌ಗಳೆಲ್ಲ ಇನ್ನು ನನ್ನ ನಿಧಿಯ ತಳ ಕೆರೆಯುತ್ತವೆ. ಇರಲಿ.

ಇವತ್ತು ಶ್ರೀಕಾಂತ ಬಂದಿದ್ದ. ಉಂಡ ಮೇಲೆ ಮನೆಗೆ ವಿಡಿಯೋ ಕಾಲ್ ಹಚ್ಚಿದ. ಯಾಮಿನಿಯ ಕಿವಿಯ ಹಿಂದೆ ಹೊಸ ಯಂತ್ರ. ಹಾಕಿ ನಾಲ್ಕು ದಿನವಂತೆ, ಕಿತ್ತು ಕಿತ್ತು ಎಸೆಯುತ್ತಾಳಂತೆ. ತಾಯಿಯ ತೊಡೆಯ ಮೇಲೆ ಒಂದೇ ಸಮನೆ ಹಾರಾಡುತ್ತಿದ್ದಳು. ನಾವು ಹೆಸರು ಹಿಡಿದು ಕೂಗಿದೆವು. ತಿರುಗಲಿಲ್ಲ.

ನಿನ್ನ ಚಿಗವ್ವ ಫೋನ್ ಇಸಿದುಕೊಂಡಳು. ಸೆರಗು ಸರಿಸಿ, ಫೋನನ್ನು ಎದೆಗೆ ಒತ್ತಿ ಹಿಡಿದಳು. ಕೋಣೆ ಶಾಂತವಾಗಿರಲೆಂದು ನಾನು ಎದ್ದು ಬಾಗಿಲು ಮುಚ್ಚಿದೆ.

ಆ ಕಡೆಗೆ ಏನು ಮುಟ್ಟಿತೋ ನನಗೆ ಗೊತ್ತಿಲ್ಲ. ಅವಳು ಫೋನ್ ಕೆಳಗಿಳಿಸಿದಾಗ ಕೂಸು ಹಾರಾಡುವುದು ಬಿಟ್ಟು ಗಪ್ಪಾಗಿ ಕೂತಿತ್ತು. ಅಂಜಿತೇನೋ ಎಂದೆ.

ಅಲ್ಲ ಎಂದಳು ಅದರ ತಾಯಿ. ಯಂತ್ರ ಹಾಕಿದ ಡಾಕ್ಟರ್ ಹೇಳಿದ್ದಾರಂತೆ, ಏನಾದರೂ ಕೇಳಿಸಿದರೆ ಇಂಥ ಮಕ್ಕಳು ಮೊದಮೊದಲು ಹೀಗೆ ಸುಮ್ಮನಾಗುತ್ತಾರಂತೆ.

ನಿನ್ನ,
ಕಾಕಾ